ಯಾವ ಕಲ್ಲು ಅದಿರು?

ಖಾನಾಪುರದ ಕಡೆಯ ಹಳೆಯ ಮನೆಗಳ ಗೋಡೆಗಳಲ್ಲಿ ಕಾಣುವ, ಮೈತುಂಬ ತೂತುಗಳಿರುವ ಕೆಂಪು ಜಂಬಿಟ್ಟಿಗೆ ಕಲ್ಲಿನಲ್ಲಿ ಕಬ್ಬಿಣದ ಅಂಶ ಸಾಕಷ್ಟಿದ್ದರೂ ಅದನ್ನು ಯಾರೂ ಅದಿರು ಎನ್ನುವುದಿಲ್ಲ. ಲೋಹವನ್ನು ಲಾಭಕ್ಕೆ ಬರುವಂತೆ ತೆಗೆಯಲು ಸಾಧ್ಯವಾದಾಗ ಮಾತ್ರ ಕಲ್ಲು ಅದಿರಾಗುತ್ತದೆ; ಹೀಗಾಗಿ ಪೇಟೆಯ ಧಾರಣೆ, ಸಾಗಣೆಯ ಖರ್ಚು, ತಂತ್ರಜ್ಞಾನ ಬದಲಾದಂತೆ ಒಂದೇ ಗುಡ್ಡ ಒಮ್ಮೆ ಬರಿಗಲ್ಲಾಗಿ, ಇನ್ನೊಮ್ಮೆ ಸಂಪತ್ತಾಗಿ ಎಣಿಕೆಯಾಗುತ್ತದೆ.

ಜಂಬಿಟ್ಟಿಗೆಯ ಒಡಹುಟ್ಟಾದ ಬಾಕ್ಸೈಟ್ ನಮ್ಮ ಬೆಳಗಾವಿ ಜಿಲ್ಲೆಯಲ್ಲಿಯೇ ಸಿಗುವ ಅದಿರು. ಘಟ್ಟದ ಮಳೆ ಕಪ್ಪು ಬಸಾಲ್ಟ್ ಶಿಲೆಯೊಳಗಿನ ಸಿಲಿಕಾವನ್ನು (ಮರಳಿನ ಮುಖ್ಯ ಅಂಶ) ಲಕ್ಷಾಂತರ ವರ್ಷ ತೊಳೆದು ಒಯ್ದ ಮೇಲೆ ಉಳಿದದ್ದರಲ್ಲಿ ಕಬ್ಬಿಣ ಹೆಚ್ಚಿದ್ದರೆ ಜಂಬಿಟ್ಟಿಗೆ, ಅಲ್ಯುಮಿನಿಯಂ ಹೆಚ್ಚಿದ್ದರೆ ಬಾಕ್ಸೈಟ್. ಎಷ್ಟೋ ತುಂಡುಗಳಲ್ಲಿ ಬಟಾಣಿ ಕಾಳಿನಂಥ ಗುಂಡನೆಯ ಉಂಡೆಗಳು ಒತ್ತೊತ್ತಾಗಿ ಅಂಟಿಕೊಂಡಿರುತ್ತವೆ. 1821ರಲ್ಲಿ ಭೂವಿಜ್ಞಾನಿ ಪಿಯೇರ್ ಬರ್ತಿಯೇ ಬಾಕ್ಸೈಟನ್ನು ಫ್ರಾನ್ಸಿನ ಲೆ ಬೋ ಊರಿನ ಬಳಿ ಗುರುತಿಸಿದರು. ಸುಮಾರು 4 ಟನ್ ಬಾಕ್ಸೈಟಿನಿಂದ 2 ಟನ್ ಅಲ್ಯುಮಿನಾ (ಅಲ್ಯುಮಿನಿಯಂ ಆಕ್ಸೈಡಿನ ಬಿಳಿ ಪುಡಿ), ಅದರಿಂದ 1 ಟನ್ ಅಲ್ಯುಮಿನಿಯಂ ದೊರೆಯುತ್ತದೆ. ಹಿಂದೆ ಉಳಿಯುವ ಕ್ಷಾರಭರಿತ ಕೆಂಪು ರಾಡಿಯನ್ನು ಜೋಪಾನ ಮಾಡುವುದೂ ಅದಿರಿನ ಬೆಲೆಯೊಳಗೇ ಸೇರಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಬಾಗಲಕೋಟೆ ಜಿಲ್ಲೆಯ ಅಮೀನಗಡದ ಸುತ್ತ ಕಬ್ಬಿಣದ ಅದಿರಿದೆ. ಅಲ್ಲಿಯ ಶಿಲೆಯಲ್ಲಿ ಕಬ್ಬಿಣದ ಖನಿಜವಾದ ಹೆಮಟೈಟಿನ ಗಾಢ ಪಟ್ಟಿಗಳೂ ಬೆಣಚುಕಲ್ಲಿನ ತಿಳಿ ಪಟ್ಟಿಗಳೂ ಒಂದರ ಮೇಲೊಂದು ಹೆಣೆದುಕೊಂಡಿರುವುದರಿಂದ, ಪುಡಿಮಾಡಿ ಬೇರ್ಪಡಿಸದೆ ಅದನ್ನು ಕುಲುಮೆಗೆ ಹಾಕುವುದು ಲಾಭದಾಯಕವಲ್ಲ.