ಪ್ರಾದದಲ್ಲಿ ಒಂದು ಭಾನುವಾರ

ಪ್ರಾದಕ್ಕೆ ನಾನು ಹೋದದ್ದು ಪಾಬ್ಲೊ ಕಸಾಲ್ಸ್ ಅವರಿಗಾಗಿ. 1939ರಲ್ಲಿ ಸ್ಪೇನ್ ಬಿಟ್ಟ ಆ ಚೆಲ್ಲೋ ವಾದಕರು ಗಡಿಯ ಈಚೆ, ಫ್ರಾನ್ಸಿನ ಈ ಪುಟ್ಟ ಊರಿನಲ್ಲಿ ನೆಲೆ ನಿಂತರು. ಸ್ಪೇನಿನ ಸರ್ವಾಧಿಕಾರಿ ಫ್ರಾಂಕೋ ಸರ್ಕಾರವನ್ನು ಒಪ್ಪಿಕೊಂಡ ದೇಶಗಳಲ್ಲಿ ನುಡಿಸುವುದಿಲ್ಲವೆಂದು ಹಟ ಹಿಡಿದರು. ಕೊನೆಗೆ 1950ರಲ್ಲಿ ಸಂಗೀತಗಾರರೇ ಇಲ್ಲಿಗೆ ಬಂದು ಅವರೊಡನೆ ಬಾಖ್‌ನ ಕೃತಿಗಳನ್ನು ನುಡಿಸಿದರು.

ಊರ ಪಕ್ಕದ ಬೆಟ್ಟಕ್ಕೆ ಕನಿಗೋ ಎಂದು ಹೆಸರು. 2,784 ಮೀಟರ್ ಎತ್ತರ. ಊರಿನ ಯಾವ ಓಣಿಯಲ್ಲಿ ತಿರುಗಿದರೂ ತುದಿಯಲ್ಲಿ ನಿಂತಿರುತ್ತದೆ. ನನಗೆ ಅದಕ್ಕಿಂತ ಕಾಲ ಕೆಳಗಿನ ಕಲ್ಲು ಹಿಡಿಸಿತು. ಕಾಲುದಾರಿಯ ಅಂಚಿಗೂ ಚರಂಡಿಗೂ ಗುಲಾಬಿ ಅಮೃತಶಿಲೆ! ಬೆಳಗಿನ ಮಳೆಯಲ್ಲಿ ನೆನೆದು, ಕಚ್ಚಿದ ಪೇರಳೆಹಣ್ಣಿನ ತಿರುಳಿನಂತೆ ಕಾಣುತ್ತಿತ್ತು. ಹಿಂದಿನ ದಿನ ಕಡಲತೀರದಲ್ಲಿ ಕಂಡ ಕೊಲ್ಯೂರ್‌ನ ಬಣ್ಣ ಬಳಿದ ಗೋಡೆಗಳು, ಫೋಟೋ ತೆಗೆಯುವವರ ಸಾಲು ಇವೆಲ್ಲ ಇದರ ಮುಂದೆ ನಾಟಕದ ಪರದೆ.

ಊಟದ ಕಥೆಯನ್ನು ಹೇಳದಿದ್ದರೆ ಹೊಟ್ಟೆ ತಣ್ಣಗಾಗುವುದಿಲ್ಲ. ಎಸ್ಕಲಿವಾದ ಎಂದರೆ ಸುಟ್ಟು ಸಿಪ್ಪೆ ಸುಲಿದ ಬದನೆ, ದೊಣ್ಣೆಮೆಣಸು, ಆಲಿವ್ ಎಣ್ಣೆ. ನಮ್ಮ ಸುಟ್ಟ ಬದನೆಯ ಗೊಜ್ಜಿಗೆ ದೂರದ ನೆಂಟ. ಆಸೆಯಿಂದ ತರಿಸಿದರೆ ಮೇಲೆ ಉಪ್ಪುಗಟ್ಟಿದ ಆಂಚೊವಿ ಮೀನುಗಳು ಮಲಗಿದ್ದವು. ಸಸ್ಯಾಹಾರಿಗಳು ಮೀನು ಬೇಡವೆಂದು ಮೊದಲೇ ಹೇಳಿ, "ತರಕಾರಿ ಮಾತ್ರ ತಾನೇ?" ಎಂದು ಎರಡು ಸಲ ಕೇಳಿ. ನಾನು ಬ್ರೆಡ್ಡಿಗೆ ಟೊಮೇಟೊ ಉಜ್ಜಿಕೊಂಡು ತಿಂದೆ. ಬಸ್ಸಿನ ವೇಳಾಪಟ್ಟಿಯ ಅಡಿಯಲ್ಲಿ ಭಾನುವಾರಕ್ಕೆ ಬೇರೆ ಸಮಯವೆಂದು ಇರುವೆಯಂಥ ಅಕ್ಷರದಲ್ಲಿ ಬರೆದಿದ್ದರು. ನಾನು ಓದಿರಲಿಲ್ಲ. ಹಾಗಾಗಿ ಮೂರು ಗಂಟೆ ಕೈಯಲ್ಲಿ ಉಳಿಯಿತು. ಸ್ಮಶಾನದ ಕಡೆ ನಡೆದೆ.

ಅಲ್ಲಿ ಪೊಂಪೇವು ಫಾಬ್ರ ಅವರ ಸಮಾಧಿ ಇದೆ. ಓದಿದ್ದು ಎಂಜಿನಿಯರಿಂಗ್, ಕಟ್ಟಿದ್ದು ಗಡಿಯ ಎರಡೂ ಕಡೆಯ ನುಡಿಯಾದ ಕತಲಾನ್‌ನ ವ್ಯಾಕರಣ. 1932ರಲ್ಲಿ ನಿಘಂಟನ್ನೂ ಕೊಟ್ಟರು. ಅವರೂ 1939ರಲ್ಲಿ ಗಡಿ ದಾಟಿದವರೇ. 1948ರ ಕ್ರಿಸ್‌ಮಸ್ ದಿನ ಈ ಊರಿನಲ್ಲೇ ತೀರಿಕೊಂಡರು.

ಎರಡು ಸಾಲು ಆಚೆ ಒಬ್ಬ ಅಜ್ಜ ಹೆಂಡತಿಯ ಸಮಾಧಿಯ ಕಲ್ಲನ್ನು ಬ್ರಷ್ಷಿನಿಂದ ಉಜ್ಜುತ್ತಿದ್ದರು. ಪಕ್ಕದಲ್ಲಿ ಕಂದು ನಾಯಿ.

"ಮೇಷ್ಟರೇ?" ಎಂದು ಫ್ರೆಂಚಿನಲ್ಲಿ ಕೇಳಿದರು. "ಅವರನ್ನು ನೋಡಲು ಬರುವವರೆಲ್ಲ ಮೇಷ್ಟರುಗಳು."

ಅಲ್ಲ, ತುಲೂಸ್‌ನಲ್ಲಿ ಕೆಲಸ ಎಂದೆ. ನನ್ನ ಫ್ರೆಂಚ್ ಹರುಕುಮುರುಕು. ಅವರು ನಿಧಾನವಾಗಿ, ಮಗುವಿಗೆ ತುತ್ತು ಕೊಟ್ಟಂತೆ ಮಾತನಾಡಿದರು. ಫಾಬ್ರರ ನಿಘಂಟು ನಿಮ್ಮಲ್ಲಿದೆಯೇ ಎಂದು ಕೇಳಿದೆ. ಬ್ರಷ್ ಕೆಳಗಿಟ್ಟರು.

"ಕತಲಾನ್ ನನ್ನ ತಾಯಿಯ ಮಾತು. ಆದರೆ ಓದಲು ಬರುವುದಿಲ್ಲ. ಬೆಟ್ಟದ ಮೇಲಿನ ಒಂದು ಶಾಲೆಯ ಗೋಡೆಯ ಮೇಲೆ 'ಫ್ರೆಂಚ್ ಮಾತನಾಡಿ, ಶುಚಿಯಾಗಿರಿ' ಎಂದು ಬರೆದಿತ್ತು. ನಾವು ಶುಚಿಯಾದೆವು."

1659ರ ಒಪ್ಪಂದದಲ್ಲಿ ಈ ಸೀಮೆ ಫ್ರಾನ್ಸಿಗೆ ಸೇರಿತು, 1700ರಲ್ಲಿ ಸರ್ಕಾರಿ ಕಾಗದಪತ್ರಗಳಿಂದ ಕತಲಾನ್ ಹೊರಬಿತ್ತು ಎಂದು ಓದಿಕೊಂಡೇ ಹೋಗಿದ್ದೆ. ಇಸವಿಗಳು ಆಗ ಬಾಯಿಗೆ ಬರಲಿಲ್ಲ. ನಾನು ಕಾಸರಗೋಡಿನವನು, ಮನೆಮಾತು ತುಳು, ಅದರಲ್ಲಿ ಒಂದು ಪತ್ರವನ್ನೂ ಬರೆದವನಲ್ಲ ಎಂದು ಹೇಳಿದೆ. ಅಜ್ಜ ತಲೆಯಾಡಿಸಿದರು.

"ಅದನ್ನು ಯಾರೊಂದಿಗೆ ಆಡುತ್ತೀರಿ?"

"ಅಮ್ಮನೊಂದಿಗೆ, ಫೋನಿನಲ್ಲಿ. ನೀವು?"

ಕಲ್ಲಿನ ಕಡೆ ನೋಡಿದರು. "ಇವಳಿದ್ದಳು. ಈಗ ನಾಯಿಯೊಂದಿಗೆ. ಇದಕ್ಕೆ ಫ್ರೆಂಚ್ ಬರುವುದಿಲ್ಲ."

ನಿಮ್ಮಲ್ಲಿ ನಾಯಿಯನ್ನು ಹೇಗೆ ಕರೆಯುತ್ತೀರಿ ಎಂದು ಕೇಳಿದರು. "ಬಲ", ಅಂದರೆ ಬಾ, ಎಂದೆ. ಅವರೂ "ಬಲಾ, ಬಲಾ" ಎಂದು ಎಳೆದು ನೋಡಿದರು. ನಾಯಿ ಒಂದು ಕಿವಿಯನ್ನೂ ಎತ್ತಲಿಲ್ಲ. ಅಜ್ಜ ನಗುತ್ತಾ ಬ್ರಷ್ಷನ್ನು ಬಕೆಟ್ಟಿಗೆ ಹಾಕಿ "ಅನೆಮ್" ಎಂದರು. ಅದು ಮೈ ಕೊಡವಿ ಎದ್ದು ಗೇಟಿನ ಕಡೆ ನಡೆಯಿತು.