ವಾಯುನೌಕೆಯ ಉಳಿದ ಅರ್ಧ: ಮಾಫೆಟ್ ಫೀಲ್ಡ್‌ನ ಹ್ಯಾಂಗರ್ ಒನ್

ಸ್ಯಾನ್ ಫ್ರಾನ್ಸಿಸ್ಕೊದಿಂದ ಸ್ಯಾನ್ ಹೋಸೆಯ ಕಡೆಗೆ 101 ಹೆದ್ದಾರಿಯಲ್ಲಿ ಬರುವವರಿಗೆ ಮೌಂಟನ್ ವ್ಯೂ ದಾಟುವ ಹೊತ್ತಿಗೆ ಎಡಗಡೆ, ಕೊಲ್ಲಿಯ ಅಂಚಿನಲ್ಲಿ, ಬೆನ್ನು ಬಾಗಿದ ಒಂದು ಭಾರೀ ಕಟ್ಟಡ ಕಾಣಿಸುತ್ತದೆ. ಸನ್ನಿವೇಲ್, ಸಾಂತಾ ಕ್ಲಾರಾ ಸುತ್ತಮುತ್ತ ನೆಲೆಸಿರುವ ಕನ್ನಡಿಗರಲ್ಲಿ ಅದನ್ನು ನೋಡದವರು ವಿರಳ. ಅದು ಏನೆಂದು ಕೇಳಿದರೆ ಕೆಲವರು ನಾಸಾದ ಗೋದಾಮು ಎನ್ನುತ್ತಾರೆ, ಇನ್ನು ಕೆಲವರು ಗೂಗಲ್‌ನವರದ್ದು ಎನ್ನುತ್ತಾರೆ. ಎರಡರಲ್ಲೂ ಒಂದಿಷ್ಟು ನಿಜವಿದೆ. ಆದರೆ ಅದನ್ನು ಕಟ್ಟಿದ್ದು ಅಮೆರಿಕದ ನೌಕಾಪಡೆ, ಕಟ್ಟಿದ್ದು ಮೇಕನ್ ಎಂಬ ವಾಯುನೌಕೆಗಾಗಿ, ಅಂದರೆ ಹಗುರ ಅನಿಲ ತುಂಬಿ ತೇಲಿಸುವ ಭಾರೀ ಹಾರುನೌಕೆಗಾಗಿ, ಮತ್ತು ಆ ನೌಕೆ ಅಲ್ಲಿ ಬೀಡುಬಿಟ್ಟಿದ್ದು ಬರೀ ಹದಿನಾರು ತಿಂಗಳು. ಮೇಕನ್ 1935ರಿಂದ ಪೆಸಿಫಿಕ್ ಸಾಗರದ ತಳದಲ್ಲಿದೆ. ಅದರ ಮನೆ ಇನ್ನೂ ನಿಂತಿದೆ. ವಿಮಾನದ ಹ್ಯಾಂಗರ್ ಎಂದರೆ ಮಳೆ ಬಿಸಿಲಿಗೆ ಒಂದು ಸೂರು, ಅಷ್ಟೇ. ವಾಯುನೌಕೆಯ ಹ್ಯಾಂಗರ್ ಆ ಜಾತಿಗೆ ಸೇರಿದ್ದಲ್ಲ, ಅದು ಯಂತ್ರದ ಅರ್ಧಭಾಗವೇ ಆಗಿತ್ತು ಎಂಬುದು ನಾನು ಈ ವಿಷಯವನ್ನು ಓದುತ್ತ ಹೋದಂತೆ ನನ್ನಲ್ಲಿ ಗಟ್ಟಿಯಾದ ಅಭಿಪ್ರಾಯ. ಅದನ್ನೇ ಇಲ್ಲಿ ವಿವರವಾಗಿ ಹೇಳಬೇಕೆಂದಿದ್ದೇನೆ.

ಮೊದಲು ಅಳತೆಗಳು. ಹ್ಯಾಂಗರ್ ಒನ್ 1133 ಅಡಿ ಉದ್ದ, 308 ಅಡಿ ಅಗಲ, 198 ಅಡಿ ಎತ್ತರವಿದೆ. ಒಳಗಿನ ನೆಲ ಸುಮಾರು 8 ಎಕರೆ. ನಮ್ಮ ಕಡೆ ಒಂದು ತುಂಬು ಕುಟುಂಬ ಬಾಳುವೆ ಮಾಡುವಷ್ಟು ಜಮೀನು, ನಡುವೆ ಒಂದೂ ಕಂಬವಿಲ್ಲದೆ ಒಂದೇ ಚಾವಣಿಯ ಕೆಳಗೆ ಇದೆ ಎಂದು ಊಹಿಸಿಕೊಂಡರೆ ಅದರ ವಿಸ್ತಾರ ಅಂದಾಜಾಗಬಹುದು. ಚಾವಣಿಯ ಹತ್ತಿರ ಕೆಲವೊಮ್ಮೆ ಒಳಗೊಳಗೇ ಮಂಜು ಕಟ್ಟುತ್ತಿತ್ತು. 1930ರ ಸುಮಾರಿಗೆ ಪಶ್ಚಿಮ ಕರಾವಳಿಯಲ್ಲಿ ನೌಕಾಪಡೆ ವಾಯುನೌಕೆಯ ನೆಲೆಗೆ ಜಾಗ ಹುಡುಕುತ್ತಿದ್ದಾಗ, ಈ ಪ್ರದೇಶದ ನಾಗರಿಕರು ಹಣ ಕೂಡಿಸಿ ಸುಮಾರು 1000 ಎಕರೆ ಕೊಂಡು, ಅದನ್ನು ಸರ್ಕಾರಕ್ಕೆ 1 ಡಾಲರಿಗೆ ಮಾರಿದರು. ಆರ್ಥಿಕ ಕುಸಿತದ ಆ ವರ್ಷಗಳಲ್ಲಿ ಹಣ್ಣಿನ ತೋಟಗಳ ಸಣ್ಣ ಊರುಗಳು ಇಂಥ ಸಾಹಸಕ್ಕೆ ಕೈಹಾಕಿದ್ದು ನನಗೆ ಇಂದಿಗೂ ಆಶ್ಚರ್ಯದ ಸಂಗತಿ.

ವಾಯುನೌಕೆಗೆ ಹ್ಯಾಂಗರ್ ಏಕೆ ಅಷ್ಟು ಮುಖ್ಯವೆಂದರೆ, ಅದು ನೆಲಕ್ಕೆ ಇಳಿದ ಮೇಲೂ ತೂಕವಿಲ್ಲದ ವಸ್ತು. ಒಳಗಿನ ಹೀಲಿಯಂ ಎತ್ತಿ ಹಿಡಿಯುವಷ್ಟೇ ಭಾರ ಅದರ ಮೇಲಿರುವುದರಿಂದ ಅದು ನೆಲದ ಮೇಲೆ ಕೂರುವುದಿಲ್ಲ, ತೇಲುತ್ತಲೇ ಇರುತ್ತದೆ. ಮೇಕನ್ 785 ಅಡಿ ಉದ್ದವಿತ್ತು, ಅದರ ಒಡಲಿನ ವ್ಯಾಸ ಸುಮಾರು 133 ಅಡಿ. ಪಕ್ಕದಿಂದ ಗಾಳಿ ಬೀಸಿದರೆ ಅದಕ್ಕೆ ಎದುರಾಗುವ ಮೈ ಸುಮಾರು ಎರಡು ಎಕರೆಯಷ್ಟಾಗುತ್ತದೆ. ಆಕಾಶದಲ್ಲಿ ಇದೊಂದು ದೊಡ್ಡ ಸಮಸ್ಯೆಯಲ್ಲ, ಏಕೆಂದರೆ ಅಲ್ಲಿ ನೌಕೆ ಗಾಳಿಯ ಜೊತೆಗೇ ಸಾಗಬಲ್ಲದು. ಬಾಗಿಲಲ್ಲಿ ಮಾತ್ರ ಅದು ಗಾಳಿಯ ಜೊತೆ ಹೋಗುವಂತಿಲ್ಲ, ಕಟ್ಟಡದ ಜೊತೆ ನೇರವಾಗಿ ನಿಲ್ಲಬೇಕು. ವಾಯುನೌಕೆಗಳ ಚರಿತ್ರೆಯಲ್ಲಿ ಅಪಘಾತಗಳ ಒಂದು ದೊಡ್ಡ ಪಾಲು ನಡೆದದ್ದು ಈ ಹೊಸ್ತಿಲಿನ ಆಸುಪಾಸಿನಲ್ಲಿಯೇ.

ಜರ್ಮನಿಯಲ್ಲಿ ಮೊದಲ ವಾಯುನೌಕೆಗಳನ್ನು ಕಟ್ಟಿದ ಕೌಂಟ್ ಜೆಪೆಲಿನ್ ಇದನ್ನು ಆರಂಭದಲ್ಲೇ ಅರಿತಿದ್ದರು. 1900ರ ಜುಲೈ 2ರಂದು ಮೊದಲ ಸಲ ಹಾರಿದ ಅವರ ನೌಕೆಯ ಶೆಡ್ಡು ಇದ್ದದ್ದು ಕಾನ್‌ಸ್ಟನ್ಸ್ ಸರೋವರದ ನೀರಿನ ಮೇಲೆ. ತೇಲುವ ಆ ಶೆಡ್ಡು ಗಾಳಿ ಯಾವ ಕಡೆಯಿಂದ ಬಂದರೂ ಅದರತ್ತ ತಾನೇ ತಿರುಗಿ ನಿಲ್ಲುತ್ತಿತ್ತು. ಮೊದಲ ಮಹಾಯುದ್ಧದ ಹೊತ್ತಿಗೆ ಜರ್ಮನರು ನಾರ್ಡ್‌ಹೋಲ್ಜ್‌ನಲ್ಲಿ ಒಣನೆಲದ ಮೇಲೆಯೇ ಇಡೀ ಹ್ಯಾಂಗರನ್ನು ತಿರುಗುವಂತೆ ಕಟ್ಟಿದರು. ಸಾವಿರ ಅಡಿಗೂ ಮಿಕ್ಕಿದ ಕಟ್ಟಡವನ್ನು ತಿರುಗಿಸುವುದು ಸಾಧ್ಯವಿರಲಿಲ್ಲ. ಆದ್ದರಿಂದ ಅಮೆರಿಕನ್ನರು ಬೇರೆ ದಾರಿ ಹುಡುಕಬೇಕಾಯಿತು.

ಆ ದಾರಿ ಸಿಗುವ ಮೊದಲು ತೆತ್ತ ಬೆಲೆ ಕಡಿಮೆಯಲ್ಲ. ಮೇಕನ್‌ನ ಅಕ್ಕ ಎನ್ನಬಹುದಾದ ಆಕ್ರನ್ ನೌಕೆಯನ್ನು 1932ರ ಫೆಬ್ರವರಿಯಲ್ಲಿ ನ್ಯೂಜೆರ್ಸಿಯ ಲೇಕ್‌ಹರ್ಸ್ಟ್ ಹ್ಯಾಂಗರಿನಿಂದ ಹೊರತರುವಾಗ, ಅದನ್ನು ಪರಿಶೀಲಿಸಲು ಬಂದಿದ್ದ ಸಂಸದರ ಕಣ್ಣೆದುರೇ ಬಾಲ ಹಿಡಿತ ತಪ್ಪಿಸಿಕೊಂಡು ನೆಲಕ್ಕೆ ಬಡಿದು ಕೆಳಗಿನ ರೆಕ್ಕೆ ಜಖಂಗೊಂಡಿತು. ಅದೇ ವರ್ಷದ ಮೇ 11ರಂದು ಸ್ಯಾನ್ ಡಿಯೆಗೊ ಬಳಿಯ ಕ್ಯಾಂಪ್ ಕರ್ನಿಯಲ್ಲಿ ನಡೆದದ್ದು ಇದಕ್ಕಿಂತ ಘೋರ. ಅಲ್ಲಿ ಯಂತ್ರಗಳ ಸಹಾಯವಿರಲಿಲ್ಲ, ಹಗ್ಗ ಹಿಡಿಯುವ ನಾವಿಕರಿಗೆ ಅನುಭವವಿರಲಿಲ್ಲ. ಬಿಸಿಲಿಗೆ ಹೀಲಿಯಂ ಹಿಗ್ಗಿ, ನೌಕೆ ಹಗುರಾಗಿ ತಟ್ಟನೆ ಮೇಲೆದ್ದಾಗ ಹೆಚ್ಚಿನವರು ಹಗ್ಗ ಬಿಟ್ಟರು, ನಾಲ್ವರು ಬಿಡಲಿಲ್ಲ. ಅವರಲ್ಲಿ ಒಬ್ಬ ಸ್ವಲ್ಪ ಎತ್ತರದಿಂದ ಬಿದ್ದು ಗಾಯಗೊಂಡ, ಇಬ್ಬರು ಬಹಳ ಎತ್ತರದಿಂದ ಬಿದ್ದು ಸತ್ತರು. ನಾಲ್ಕನೆಯವನಾದ ಕೌವರ್ಟ್ ಎಂಬ ತರುಣ ಹಗ್ಗವನ್ನು ತನ್ನ ಮೈಗೆ ಭದ್ರಪಡಿಸಿಕೊಂಡು ತೂಗಾಡುತ್ತಿದ್ದು, ಸುಮಾರು ಒಂದು ಗಂಟೆಯ ನಂತರ ನೌಕೆಯೊಳಕ್ಕೆ ಎಳೆಯಲ್ಪಟ್ಟ.

ಸನ್ನಿವೇಲ್‌ನ ಹ್ಯಾಂಗರಿನಲ್ಲಿ, ಅಂದರೆ ಹ್ಯಾಂಗರ್ ಒನ್‌ನಲ್ಲಿ, ಈ ಕೆಲಸವನ್ನು ಮನುಷ್ಯರ ಕೈಯಿಂದ ಆದಷ್ಟೂ ತೆಗೆದು ಯಂತ್ರಗಳಿಗೆ ವಹಿಸಲಾಯಿತು. ಹ್ಯಾಂಗರಿನ ಉದ್ದಕ್ಕೂ ರೈಲು ಹಳಿಗಳಿದ್ದವು. ಅವು ಎರಡೂ ಬಾಗಿಲುಗಳನ್ನು ದಾಟಿ ಹೊರಗಿನ ಬಯಲಿನವರೆಗೆ ಹೋಗುತ್ತಿದ್ದವು. ಇಳಿದ ನೌಕೆಯ ಮೂತಿಯನ್ನು ಹಳಿಯ ಮೇಲೆ ಚಲಿಸುವ ಒಂದು ಕಬ್ಬಿಣದ ಗೋಪುರಕ್ಕೆ ಸಿಕ್ಕಿಸುತ್ತಿದ್ದರು, ಬಾಲವನ್ನು ಮತ್ತೊಂದು ಭಾರವಾದ ಬಂಡಿಗೆ ಬಿಗಿಯುತ್ತಿದ್ದರು. ಬಯಲಿನಲ್ಲಿದ್ದ ವೃತ್ತಾಕಾರದ ಹಳಿಯ ಮೇಲೆ ಬಾಲ ನಿಧಾನವಾಗಿ ಸುತ್ತಿ ನೌಕೆ ಹ್ಯಾಂಗರಿನ ನೇರಕ್ಕೆ ಬಂದ ಮೇಲೆ ಅದನ್ನು ಒಳಗೆ ಎಳೆಯಲಾಗುತ್ತಿತ್ತು. ಬಾಗಿಲುಗಳದ್ದೂ ಒಂದು ವಿಶೇಷವಿದೆ. ಪಕ್ಕಕ್ಕೆ ಜಾರುವ ಚಪ್ಪಟೆ ಬಾಗಿಲುಗಳು ತೆರೆದಾಗ ಗಾಳಿಗೆ ಅಡ್ಡ ನಿಂತು ಹೊಸ್ತಿಲಿನಲ್ಲೇ ಸುಳಿಗಳನ್ನು ಎಬ್ಬಿಸುತ್ತವೆ. ಇಲ್ಲಿ ಕಿತ್ತಳೆ ಸಿಪ್ಪೆಯ ಬಾಗಿಲು ಎಂದೇ ಹೆಸರಾದ ದುಂಡನೆಯ ಎಸಳುಗಳಿವೆ. ತೆರೆದಾಗ ಅವು ಕಟ್ಟಡದ ಮೈಗೆ ಒತ್ತಿಕೊಂಡು ಸರಿಯುವುದರಿಂದ ಗಾಳಿ ಅವುಗಳ ಮೇಲೆ ನಯವಾಗಿ ಜಾರಿಹೋಗುತ್ತದೆ. ಕಟ್ಟಡದ ಆ ಸುಂದರ ಆಕಾರ ಅಲಂಕಾರಕ್ಕೆ ಬಂದದ್ದಲ್ಲ, ನೌಕೆಗೆ ಏನಾದೀತೋ ಎಂಬ ಭಯದಿಂದ ಬಂದದ್ದು.

ಇನ್ನು ಆ ನೌಕೆಯ ಬಗ್ಗೆ. ಮೇಕನ್ ಸ್ವತಃ ಒಂದು ಹಾರುವ ಹ್ಯಾಂಗರ್ ಆಗಿತ್ತು ಎಂಬುದು ನನಗೆ ಅತ್ಯಂತ ಪ್ರಿಯವಾದ ವಿವರ. ಅದರ ಹೊಟ್ಟೆಯೊಳಗೆ ಸ್ಪ್ಯಾರೋಹಾಕ್ ಎಂಬ ಪುಟ್ಟ ಎರಡುರೆಕ್ಕೆಯ ವಿಮಾನಗಳಿದ್ದವು. ನೌಕೆಯ ಕೆಳಗೆ ಒಂದು ಅಡ್ಡಪಟ್ಟಿ ಇಳಿಬಿದ್ದಿರುತ್ತಿತ್ತು. ಹಿಂದಿರುಗುವ ಪೈಲಟ್ ನೌಕೆಯ ಅಡಿಗೆ ಬಂದು, ವೇಗವನ್ನು ಅದರ ವೇಗಕ್ಕೆ ಸರಿಹೊಂದಿಸಿಕೊಂಡು, ತನ್ನ ಮೇಲಿನ ರೆಕ್ಕೆಗಿಂತ ಎತ್ತರಕ್ಕೆ ಚಾಚಿದ್ದ ಕೊಕ್ಕೆಯನ್ನು ಆ ಪಟ್ಟಿಗೆ ಸಿಕ್ಕಿಸಬೇಕಾಗಿತ್ತು. ಸಿಕ್ಕಿದ ಮೇಲೆ ವಿಮಾನವನ್ನು ಮೇಲಕ್ಕೆಳೆದು ಒಳಗೆ ಸೇರಿಸುತ್ತಿದ್ದರು. ಹೇಗೂ ನೆಲಕ್ಕೆ ಇಳಿಯುವುದಿಲ್ಲವೆಂದು, ಸಮುದ್ರದ ಮೇಲಿನ ಹಾರಾಟಗಳಲ್ಲಿ ಚಕ್ರಗಳನ್ನೇ ಬಿಚ್ಚಿಟ್ಟು ಆ ಭಾರದ ಬದಲು ಹೆಚ್ಚಿನ ಇಂಧನದ ತೊಟ್ಟಿ ಕಟ್ಟಿಕೊಂಡು ಹೋಗುತ್ತಿದ್ದರು. ಕೊಕ್ಕೆ ತಪ್ಪಿದರೆ ಆ ಪೈಲಟ್‌ಗೆ ಇಳಿಯಲು ಬೇರೆ ಜಾಗವಿರಲಿಲ್ಲ. 1934ರ ಜುಲೈನಲ್ಲಿ ಕಮಾಂಡರ್ ಹರ್ಬರ್ಟ್ ವೈಲಿ ಯಾರಿಗೂ ಹೇಳದೆ ಪೆಸಿಫಿಕ್‌ನತ್ತ ಹೊರಟು, ಹವಾಯಿಗೆ ಸಾಗುತ್ತಿದ್ದ ಅಧ್ಯಕ್ಷ ರೂಸ್‌ವೆಲ್ಟ್ ಅವರ ಹಡಗನ್ನು ಸಾಗರಮಧ್ಯದಲ್ಲಿ ಪತ್ತೆಹಚ್ಚಿ, ಈ ವಿಮಾನಗಳಿಂದ ಅವರಿಗೆ ಹೊಸ ಪತ್ರಿಕೆಗಳನ್ನು ಎಸೆಯಿಸಿದರು. ಮೇಲಧಿಕಾರಿಗಳು ಸಿಟ್ಟಾದರು, ಅಧ್ಯಕ್ಷರು ಮೆಚ್ಚಿದರು.

ವೈಲಿ 1933ರ ಏಪ್ರಿಲ್ 4ರಂದು ಆಕ್ರನ್ ಬಿರುಗಾಳಿಗೆ ಸಿಕ್ಕಿ ಅಟ್ಲಾಂಟಿಕ್‌ನಲ್ಲಿ ಮುಳುಗಿದಾಗ ಬದುಕಿದ್ದ ಮೂವರಲ್ಲಿ ಒಬ್ಬರು. ಅಂದು 76 ಜನರಲ್ಲಿ 73 ಮಂದಿ ಸತ್ತರು. ಅವರಲ್ಲಿ ನೌಕಾಪಡೆಯ ವಿಮಾನ ವಿಭಾಗದ ಮುಖ್ಯಸ್ಥ ರಿಯರ್ ಅಡ್ಮಿರಲ್ ವಿಲಿಯಂ ಮಾಫೆಟ್ ಕೂಡ ಇದ್ದರು. ಸನ್ನಿವೇಲ್‌ನ ಈ ನೆಲೆಗೆ ಮಾಫೆಟ್ ಫೀಲ್ಡ್ ಎಂಬ ಹೆಸರು ಬಂದದ್ದು ಅವರ ನೆನಪಿಗಾಗಿ. ಮೇಕನ್‌ನ ಸರದಿ ಎರಡು ವರ್ಷ ತುಂಬುವ ಮೊದಲೇ ಬಂತು. 1934ರ ಏಪ್ರಿಲ್‌ನಲ್ಲಿ ಟೆಕ್ಸಸ್‌ನ ಮೇಲೆ ಹಾರುವಾಗ ಬಾಲದ ರೆಕ್ಕೆಗಳ ಬುಡದ ಚೌಕಟ್ಟಿಗೆ ಪೆಟ್ಟಾಗಿತ್ತು. ದುರಸ್ತಿ ಪೂರ್ಣವಾಗುವ ಮೊದಲೇ ಅದು ಹಾರುತ್ತಲೇ ಇತ್ತು. 1935ರ ಫೆಬ್ರವರಿ 12ರಂದು ಪಾಯಿಂಟ್ ಸರ್ ಬಳಿ ಒಂದು ಗಾಳಿಯ ಹೊಡೆತಕ್ಕೆ ಮೇಲಿನ ರೆಕ್ಕೆ ಕಿತ್ತು ಹಿಂದಿನ ಅನಿಲದ ಚೀಲಗಳನ್ನು ಹರಿಯಿತು. ಆತುರದಲ್ಲಿ ಭಾರವನ್ನೆಲ್ಲ ಕೆಳಗೆ ಸುರಿದಾಗ ನೌಕೆ ಮಿತಿ ಮೀರಿದ ಎತ್ತರಕ್ಕೆ ಏರಿ, ಉಳಿದ ಹೀಲಿಯಂ ಕೂಡ ಹೊರಬಿದ್ದು, ಕೊನೆಗೆ ನಿಧಾನವಾಗಿ ಸಮುದ್ರಕ್ಕೆ ಇಳಿಯಿತು. ಆಕ್ರನ್‌ನ ದುರಂತದ ನಂತರ ಜೀವರಕ್ಷಕ ಅಂಗಿಗಳನ್ನೂ ತೆಪ್ಪಗಳನ್ನೂ ಇರಿಸಲಾಗಿತ್ತು. ಅದರಿಂದಾಗಿ 83 ಜನರಲ್ಲಿ 81 ಮಂದಿ ಉಳಿದರು. ನಾಲ್ಕು ಸ್ಪ್ಯಾರೋಹಾಕ್‌ಗಳು ನೌಕೆಯೊಂದಿಗೇ ತಳ ಸೇರಿದವು. 1990ರ ದಶಕದ ಆರಂಭದಲ್ಲಿ ಅವಶೇಷ ಪತ್ತೆಯಾದಾಗ ಅವೂ ಅಲ್ಲೇ ಇದ್ದವು.

ಹೀಗೆ ಒಂಟಿಯಾದ ಹ್ಯಾಂಗರುಗಳ ಸಾಲಿನಲ್ಲಿ ನಮಗೆ ಹತ್ತಿರದ ಒಂದು ಉದಾಹರಣೆ ಇದೆ. ಬ್ರಿಟಿಷರು ಇಂಗ್ಲೆಂಡಿನಿಂದ ಭಾರತಕ್ಕೆ ವಾಯುನೌಕೆಯ ಸಂಚಾರ ನಡೆಸಬೇಕೆಂದು, ಆಗ ಅವಿಭಜಿತ ಭಾರತದಲ್ಲಿದ್ದ ಕರಾಚಿಯಲ್ಲಿ 1920ರ ದಶಕದಲ್ಲಿ ಒಂದು ಭಾರೀ ಶೆಡ್ಡು ಕಟ್ಟಿದರು. ಅಲ್ಲಿಗೆ ಬರಬೇಕಾಗಿದ್ದದ್ದು ಆರ್101. ಅದನ್ನು ಕಟ್ಟಿದ, ಇಂಗ್ಲೆಂಡಿನ ಕಾರ್ಡಿಂಗ್ಟನ್‌ನ ಶೆಡ್ಡಿನ ಉದ್ದ 812 ಅಡಿ. ಎತ್ತುವ ಶಕ್ತಿ ಸಾಲದೆಂದು ನೌಕೆಯನ್ನು ನಡುವೆ ಕತ್ತರಿಸಿ ಹೊಸ ತುಂಡು ಸೇರಿಸಿದ ಮೇಲೆ ನೌಕೆಯ ಉದ್ದವೇ 777 ಅಡಿಯಾಯಿತು. 1930ರ ಅಕ್ಟೋಬರ್ 4ರ ಸಂಜೆ, ಸಾಕಷ್ಟು ಪರೀಕ್ಷೆಯಿಲ್ಲದೆ, ಕೆಟ್ಟ ಹವಾಮಾನದಲ್ಲಿ ಅದು ಕರಾಚಿಗೆ ಹೊರಟಿತು. ಅದರಲ್ಲಿ ಬ್ರಿಟನ್ನಿನ ವಾಯುಯಾನ ಸಚಿವ ಲಾರ್ಡ್ ಥಾಮ್ಸನ್ ಇದ್ದರು. ಅವರು ಹುಟ್ಟಿದ್ದು ನಮ್ಮ ನಾಸಿಕದಲ್ಲಿ. ರಾತ್ರಿ ಎರಡು ಗಂಟೆಯ ಸುಮಾರಿಗೆ ಫ್ರಾನ್ಸಿನ ಬೋವೆ ಬಳಿ ನೌಕೆ ನೆಲಕ್ಕೆ ಅಪ್ಪಳಿಸಿ, ಅದರಲ್ಲಿ ಹೀಲಿಯಂ ಬದಲು ತುಂಬಿದ್ದ ಜಲಜನಕ ಹೊತ್ತಿಕೊಂಡು, 54 ಜನರಲ್ಲಿ 48 ಮಂದಿ ಪ್ರಾಣ ಕಳೆದುಕೊಂಡರು. ಕರಾಚಿಯ ಶೆಡ್ಡು ತನ್ನ ನೌಕೆಯನ್ನು ಒಮ್ಮೆಯೂ ಕಾಣಲಿಲ್ಲ. ಅಲ್ಲಿನ ಜನರ ಬಾಯಲ್ಲಿ ‘ಕಾಲಾ ಛಪ್ರಾ’ ಆಗಿ ದಶಕಗಳ ಕಾಲ ನಿಂತಿದ್ದ ಅದನ್ನು 1960ರ ದಶಕದಲ್ಲಿ ಕಳಚಿಹಾಕಿದರು. ಕಾರ್ಡಿಂಗ್ಟನ್‌ನ ಎರಡು ಶೆಡ್ಡುಗಳು ಇಂದಿಗೂ ಇವೆ. ಬ್ರೆಜಿಲ್‌ನ ಸಾಂತಾ ಕ್ರೂಜ್‌ನಲ್ಲಿ ಜರ್ಮನಿಯ ಜೆಪೆಲಿನ್ ವಾಯುನೌಕೆಗಳಿಗೆಂದು ಕಟ್ಟಿದ ಹ್ಯಾಂಗರ್ ಅಲ್ಲಿನ ವಾಯುಪಡೆಯ ಬಳಕೆಯಲ್ಲಿದೆ. ಕರಾಚಿಯದ್ದು ಉಳಿಯಬೇಕಿತ್ತು ಎಂದು ನನಗೆ ಅನ್ನಿಸುತ್ತದೆ; ಬಾರದ ನೌಕೆಯ ಅಳತೆ ಅದರಲ್ಲಿ ದಾಖಲಾಗಿತ್ತು.

ಹ್ಯಾಂಗರ್ ಒನ್ ಕೂಡ ಅದೇ ಹಾದಿ ಹಿಡಿಯುವುದರಲ್ಲಿತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ಲಿಂಪ್ ಎಂಬ, ಒಳಚೌಕಟ್ಟಿಲ್ಲದ ಚಿಕ್ಕ ವಾಯುನೌಕೆಗಳು, ನಂತರ ಜಲಾಂತರ್ಗಾಮಿಗಳನ್ನು ಹುಡುಕುವ ವಿಮಾನಗಳು ಅದನ್ನು ಬಳಸಿದವು. 1994ರಲ್ಲಿ ನೌಕಾಪಡೆ ತೆರಳಿ ಜಾಗ ನಾಸಾಕ್ಕೆ ಬಂತು. ಗೋಡೆಯ ಹೊದಿಕೆಯಲ್ಲಿ ಪಿಸಿಬಿ ಎಂಬ ವಿಷವಸ್ತು ಇದ್ದು ಅದು ಮಳೆನೀರಿನೊಂದಿಗೆ ಕೊಲ್ಲಿಯ ಜೌಗಿಗೆ ಸೇರುವ ಅಪಾಯ ಗೊತ್ತಾದ ಮೇಲೆ 2003ರಲ್ಲಿ ಕಟ್ಟಡವನ್ನು ಮುಚ್ಚಿದರು. ಕೆಡವುವ ಪ್ರಸ್ತಾವ ಬಂದಾಗ ಇಲ್ಲಿನ ಜನ, ಅವರಲ್ಲಿ ಅನೇಕರು ನಿವೃತ್ತ ನೌಕಾ ಸಿಬ್ಬಂದಿ, ಪಟ್ಟುಹಿಡಿದು ವಿರೋಧಿಸಿದರು. ಕೊನೆಗೆ 2011ರಿಂದ 2012ರವರೆಗೆ ಹೊದಿಕೆಯನ್ನು ಮಾತ್ರ ಸುಲಿದು ತೆಗೆದು ಉಕ್ಕಿನ ಅಸ್ಥಿಪಂಜರವನ್ನು ಉಳಿಸಲಾಯಿತು. ಆ ವರ್ಷಗಳಲ್ಲಿ ಹೆದ್ದಾರಿಯಿಂದ ಕಾಣುತ್ತಿದ್ದ ಬರಿಯ ಚೌಕಟ್ಟನ್ನು ಕುರೂಪವೆಂದು ಹಲವರು ದೂರುತ್ತಿದ್ದರು. ನನಗೆ ಅದು ಕಟ್ಟಡದ ಅತ್ಯಂತ ಪ್ರಾಮಾಣಿಕ ರೂಪವಾಗಿ ಕಂಡಿತ್ತು, ಏಕೆಂದರೆ ಭಾರ ಎಲ್ಲಿಂದ ಎಲ್ಲಿಗೆ ಇಳಿಯುತ್ತದೆ ಎಂಬುದನ್ನು ಬರಿಗಣ್ಣಿನಿಂದ ಓದಬಹುದಾಗಿತ್ತು. 2014ರಲ್ಲಿ ಗೂಗಲ್‌ನ ಅಂಗಸಂಸ್ಥೆ ಪ್ಲಾನೆಟರಿ ವೆಂಚರ್ಸ್ ಈ ನೆಲೆಯನ್ನು 60 ವರ್ಷಗಳ ಗುತ್ತಿಗೆಗೆ ಪಡೆಯಿತು. ಕಟ್ಟಡಕ್ಕೆ ಹೊಸ ಹೊದಿಕೆ ತೊಡಿಸುವ ಕೆಲಸ 2022ರಲ್ಲಿ ಶುರುವಾಯಿತು.

ಪಕ್ಕದ ಹ್ಯಾಂಗರ್ ಟೂ ಯುದ್ಧಕಾಲದಲ್ಲಿ ಉಕ್ಕಿನ ಅಭಾವದಿಂದಾಗಿ ಮರದಲ್ಲಿ ಕಟ್ಟಿದ್ದು. ಅದರೊಳಗೆ ಎಲ್‌ಟಿಎ ರಿಸರ್ಚ್ ಸಂಸ್ಥೆ 124.5 ಮೀಟರ್ ಉದ್ದದ ಪಾಥ್‌ಫೈಂಡರ್ 1 ಎಂಬ ಹೊಸ ವಾಯುನೌಕೆಯನ್ನು ಕಟ್ಟಿದೆ. 2024ರ ಅಕ್ಟೋಬರ್‌ನಲ್ಲಿ ಅದು ಕಟ್ಟುಹಗ್ಗವಿಲ್ಲದೆ ಹೊರಗೆ ಹಾರಿತು. ಮೇಕನ್ ಹುಟ್ಟಿದ ಒಹಾಯೊದ ಆಕ್ರನ್ ನಗರದ ಏರ್‌ಡಾಕ್ ಎಂಬ ಹ್ಯಾಂಗರಿನಲ್ಲಿಯೂ ಈಗ ಅದೇ ಸಂಸ್ಥೆ ಕೆಲಸ ಮಾಡುತ್ತಿದೆ. ಇಂಗಾಲದ ನಾರು, ಟೈಟಾನಿಯಂ, ಗಣಕಗಳ ನಿಯಂತ್ರಣ ಎಲ್ಲವೂ ಬಂದ ಮೇಲೆಯೂ ಈ ನೌಕೆಯನ್ನು ಹೊರತರುವಾಗ ಮೂತಿಗೆ ಒಂದು ಚಲಿಸುವ ಗೋಪುರ ಬೇಕು, ಗಾಳಿ ಶಾಂತವಾಗಿರುವ ಹೊತ್ತಿಗಾಗಿ ಕಾಯಬೇಕು.

ಹ್ಯಾಂಗರ್ ಒನ್‌ನ ಹೊದಿಕೆಯ ಬಗ್ಗೆ ನಡೆದಷ್ಟು ಚರ್ಚೆ ಅದರ ನೆಲದ ಬಗ್ಗೆ ನಡೆದಿಲ್ಲ ಎಂಬುದು ನನ್ನ ಕೊರಗು. ಒಳಗಿನ ಹಳಿಗಳನ್ನೂ ಹೊರಗಿನ ಬಯಲಿನಲ್ಲಿ ನೌಕೆ ತಿರುಗುತ್ತಿದ್ದ ವೃತ್ತದ ಜಾಡನ್ನೂ ನೋಡುವವರಿಗೆ ಕಾಣುವಂತೆ ಗುರುತು ಮಾಡಿ, ಗೋಪುರ ಎಲ್ಲಿ ನಿಲ್ಲುತ್ತಿತ್ತು, ಬಾಲ ಯಾವ ಕಡೆಗೆ ಸುತ್ತುತ್ತಿತ್ತು ಎಂಬುದನ್ನು ನೆಲದ ಮೇಲೆಯೇ ತೋರಿಸಿದರೆ, ಎಷ್ಟೇ ಚಿಕ್ಕ ಮಗು ಬಂದರೂ ಆ ಬಾಗಿಲುಗಳು ಏಕೆ ದುಂಡಗಿವೆ ಎಂದು ಯಾರೂ ಹೇಳಿಕೊಡದೆ ಅರ್ಥಮಾಡಿಕೊಳ್ಳಬಲ್ಲದು.