ಒಡೆದ ಬಾಟಲಿಯ ಬಾಕಿ

ಕಲ್ಲಡ್ಕದಲ್ಲಿ ಇಳಿದು ಕೆ.ಟಿ. ಕುಡಿಯದೆ ಮುಂದೆ ಹೋಗಬಾರದಂತೆ. ಕೆ.ಟಿ. ಅಂದರೆ ಕಲ್ಲಡ್ಕ ಟೀ. ಗಾಜಿನ ಲೋಟದಲ್ಲಿ ಕೆಳಗೆ ಹಾಲು, ಮೇಲೆ ಡಿಕಾಕ್ಷನ್, ನಡುವೆ ಗೆರೆ ಎಳೆದ ಹಾಗೆ. ಪಕ್ಕದ ಟೇಬಲಿನ ಹುಡುಗರು ಅದರ ಫೋಟೊ ತೆಗೆಯುತ್ತಿದ್ದರು. ನನಗೆ ನೆನಪಾಗಿದ್ದು ಲ್ಯಾಬಿನ ಸೆಪರೇಟಿಂಗ್ ಫನೆಲ್. ನೀರಿಗೆ ಹೆಕ್ಸೇನ್ ಸುರಿದು, ಕುಲುಕಿ, ಸ್ಟ್ಯಾಂಡಿಗೆ ಸಿಕ್ಕಿಸಿದರೆ ಹೀಗೇ ಎರಡು ಪದರ ನಿಲ್ಲುತ್ತದೆ. ನೀರಿನಲ್ಲಿ ಕೀಟನಾಶಕ ಇದ್ದರೆ ಅದು ಮೇಲಿನ ಹೆಕ್ಸೇನಿಗೆ ಹತ್ತಿಕೊಳ್ಳುತ್ತದೆ. 32 ವರ್ಷ ಇದನ್ನೇ ಮಾಡಿದ್ದೇನೆ. ಮಣ್ಣು, ನೀರು, ಕೆಸರು ತಂದು, ಅದರೊಳಗೆ ಇರಬಾರದ್ದು ಏನಿದೆ ಎಂದು ಹುಡುಕುವುದು. ನಿವೃತ್ತನಾದರೂ ಟೀ ಲೋಟದಲ್ಲಿ ಫನೆಲ್ಲೇ ಕಾಣುತ್ತದೆ, ಏನು ಮಾಡೋದು.

ಹೊರಟಿದ್ದು ಪಡ್ರೆಗೆ. ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನ ಊರು. 2002ರಲ್ಲಿ ಒಮ್ಮೆ ಹೋಗಿದ್ದೆ. ಅಲ್ಲಿ ಒಂದು ಮನೆಗೆ ನಾನು ಒಂದು ಉತ್ತರ ಬಾಕಿ ಇಟ್ಟುಕೊಂಡಿದ್ದೆ.

ಕಲ್ಲಡ್ಕದಿಂದ ವಿಟ್ಲ, ವಿಟ್ಲದಿಂದ ಅಡ್ಯನಡ್ಕ. ಅಲ್ಲಿಂದ ಸ್ವಲ್ಪ ಮುಂದೆ ಹೋದರೆ ಕೇರಳ. ಬೋರ್ಡುಗಳಲ್ಲಿ ಮಲಯಾಳಂ ಶುರುವಾಗುತ್ತದೆ, ಆದರೆ ಕನ್ನಡವೂ ಜೊತೆಗೇ ಬರುತ್ತದೆ. ಬಸ್ಸಿನೊಳಗೆ ಮಾತು ತುಳು. ನಾನು ಘಟ್ಟದ ಮೇಲಿನವನು, ಅರ್ಧವೂ ತಿಳಿಯಲಿಲ್ಲ. ಪೆರ್ಲದಲ್ಲಿ ಇಳಿದು ಆಟೊ ಹಿಡಿದು 'ಸ್ವರ್ಗ' ಎಂದೆ. ಅದು ಪಡ್ರೆಯ ಒಂದು ಜಾಗದ ಹೆಸರು. ಈ ಹೆಸರು ಹಿಡಿದು ವ್ಯಂಗ್ಯ ಮಾಡದ ವರದಿಗಾರರು ಕಡಿಮೆ. ನಾನು ಆ ಕಡೆ ಹೋಗುವುದಿಲ್ಲ.

ಜನವರಿ. ಗೇರು ಹೂ ಬಿಟ್ಟಿತ್ತು. ಈ ಹೂವಿಗೂ ಎಳೆ ಚಿಗುರಿಗೂ ಟೀ ಸೊಳ್ಳೆ ಎಂಬ ಕೀಟ ಬಾಯಿ ಹಾಕುತ್ತದೆ. ರಸ ಹೀರಿದ ಕಡೆ ಕಪ್ಪಗೆ ಸುಟ್ಟಂತಾಗಿ ಹೂಗೊಂಚಲು ಒಣಗುತ್ತದೆ. ಅದನ್ನು ಕೊಲ್ಲಲು ಇಲ್ಲಿನ ಗುಡ್ಡದ ಮೇಲಿನ ಸರ್ಕಾರಿ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಒಂದೆರಡು ವರ್ಷವಲ್ಲ, ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ. ತೋಟ ಗುಡ್ಡದ ನೆತ್ತಿಯಲ್ಲಿ. ಮನೆಗಳು ಬುಡದಲ್ಲಿ, ತೋಡಿನ ಪಕ್ಕದಲ್ಲಿ. ಈ ನಕ್ಷೆ ನೋಡಿದರೆ ಸಾಕು, ಮೇಲೆ ಬಿದ್ದದ್ದು ಎಲ್ಲಿಗೆ ಇಳಿಯುತ್ತದೆ ಎಂದು ಹೇಳಲು ರಸಾಯನಶಾಸ್ತ್ರಜ್ಞ ಬೇಕಿಲ್ಲ.

ನೀರು ಬರುವುದೂ ಆ ಗುಡ್ಡದ ಹೊಟ್ಟೆಯಿಂದಲೇ. ಈ ಸೀಮೆಯ ಸುರಂಗ ನೋಡದವರಿಗೆ ಹೇಳಬೇಕು. ಗುಡ್ಡದ ಮುರಕಲ್ಲಿಗೆ, ಅಂದರೆ ಕೆಂಪು ಜಂಬಿಟ್ಟಿಗೆ, ಅಡ್ಡಲಾಗಿ ಗುದ್ದಲಿಯಿಂದ ಕೊರೆದ ದಾರಿ. ಒಬ್ಬ ಮನುಷ್ಯ ಹೋಗುವಷ್ಟು ಅಗಲ. ಒಳಗೆ ಕತ್ತಲೆ, ತಂಪು, ಗೋಡೆಯಿಂದ ತೊಟ್ಟಿಕ್ಕುವ ನೀರು. ಪಂಪು ಬೇಡ, ಕರೆಂಟು ಬೇಡ. ಅದು ತಾನಾಗಿ ಹರಿದು ಹೊರಗೆ ಬರುತ್ತದೆ, ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಇಳಿದು ಕೆರೆಗೆ ಬೀಳುತ್ತದೆ. ಇಂಥ ನೀರಿಗೆ ಪರೀಕ್ಷೆ ಬೇಕೆಂದು ಒಂದು ಕಾಲದಲ್ಲಿ ಯಾರೂ ಅಂದುಕೊಂಡಿರಲಿಕ್ಕಿಲ್ಲ.

2002ರಲ್ಲಿ ನಾನು ಬಂದಿದ್ದು ಗುಟ್ಟಾಗಿ ಏನಲ್ಲ, ಆದರೆ ಕಚೇರಿ ಕೆಲಸಕ್ಕೂ ಅಲ್ಲ. ಮಂಗಳೂರಿಗೆ ಬೇರೆ ಕೆಲಸದ ಮೇಲೆ ಬಂದವನು ಎರಡು ದಿನ ರಜೆ ಹಾಕಿ ಇತ್ತ ತಿರುಗಿದೆ. ಈ ಊರಿನ ಬಗ್ಗೆ ಓದಿದ್ದೆ. ಕೈಕಾಲು ತಿರುಚಿ ಹುಟ್ಟಿದ ಕರುಗಳ ಬಗ್ಗೆ ಪತ್ರಕರ್ತ ಶ್ರೀ ಪಡ್ರೆ ಬಹಳ ಮೊದಲೇ ಬರೆದಿದ್ದರು. ವಾಣಿನಗರದ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ಕಾಯಿಲೆಗಳು ಸಹಜವಲ್ಲ ಎಂದು ವರ್ಷಗಟ್ಟಲೆ ಹೇಳುತ್ತಿದ್ದರು. ನಾನು ಹುರುಪಿನಲ್ಲಿ ನಾಲ್ಕು ಕಂದು ಗಾಜಿನ ಬಾಟಲಿ ತಂದಿದ್ದೆ. ಹೆಕ್ಸೇನಿನಲ್ಲಿ ತೊಳೆದು, ಮುಚ್ಚಳದ ಒಳಗೆ ಟೆಫ್ಲಾನ್ ಹಾಕಿದ ಬಾಟಲಿಗಳು. ಒಂದು ಮನೆಯ ಸುರಂಗದ ಬಾಯಲ್ಲಿ ತುಂಬಿಸಿಕೊಂಡೆ. ಮನೆಯ ಯಜಮಾನರು ಕೇಳಿದ್ದು ಒಂದೇ ಮಾತು: "ಇದನ್ನು ಕುಡಿಯಬಹುದೋ ಇಲ್ಲವೋ, ತಿಳಿಸಿ ಮಾರಾಯ್ರೆ."

ತಿಳಿಸುತ್ತೇನೆ ಎಂದು ಬಂದೆ. ಶಿರಾಡಿ ಘಾಟಿಯಲ್ಲಿ ಬಸ್ಸು ಹಾರಿದ ಹಾರಾಟಕ್ಕೆ ಎರಡು ಬಾಟಲಿ ಒಡೆದವು. ಉಳಿದೆರಡಕ್ಕೆ ಐಸು ಕರಗಿ ಹೋಗಿತ್ತು. ಬಿಸಿಲಲ್ಲಿ ಕುಳಿತ ಸ್ಯಾಂಪಲ್ಲಿನಿಂದ ಬರುವ ಅಂಕಿಯನ್ನು ನಾನೇ ನಂಬುವುದಿಲ್ಲ. ಚೆಲ್ಲಿಬಿಟ್ಟೆ. ಅವರಿಗೆ ಒಂದು ಕಾರ್ಡು ಬರೆದು ಹೇಳಬಹುದಿತ್ತು. ನಾಚಿಕೆಯಾಯಿತು, ಬರೆಯಲಿಲ್ಲ. ಆಮೇಲೆ 22 ವರ್ಷ ಹೋಯಿತು.

ಹಾಗಂತ ಆ ವಿಷಯ ನನ್ನನ್ನು ಬಿಡಲಿಲ್ಲ. ಎಂಡೋಸಲ್ಫಾನ್ ನನ್ನ ಮಟ್ಟಿಗೆ ಬರೀ ಒಂದು ವಿಷವಲ್ಲ, ಗಡಿಯಾರ ಕೂಡ. ಡಬ್ಬಿಯಲ್ಲಿ ಬರುವಾಗ ಅದು ಆಲ್ಫಾ, ಬೀಟಾ ಎಂಬ ಎರಡು ರೂಪಗಳ ಬೆರಕೆ, ಸುಮಾರು 7ಕ್ಕೆ 3ರ ಪ್ರಮಾಣ. ಮಣ್ಣಿಗೆ ಬಿದ್ದ ಮೇಲೆ ಸೂಕ್ಷ್ಮಜೀವಿಗಳು ಅದಕ್ಕೆ ಒಂದು ಆಮ್ಲಜನಕ ಅಂಟಿಸಿ ಎಂಡೋಸಲ್ಫಾನ್ ಸಲ್ಫೇಟ್ ಮಾಡುತ್ತವೆ. ಅದೂ ವಿಷವೇ, ಇನ್ನೂ ಜಾಸ್ತಿ ದಿನ ಉಳಿಯುತ್ತದೆ. ಬೆರಕೆಯನ್ನು ಬಿಡಿಬಿಡಿ ಮಾಡಿ ಒಂದೊಂದಕ್ಕೂ ಗ್ರಾಫಿನಲ್ಲಿ ಒಂದು ಶಿಖರ ಬರೆಯುವ ಗ್ಯಾಸ್ ಕ್ರೊಮಟೋಗ್ರಾಫ್ ಯಂತ್ರದಲ್ಲಿ ಮೊದಲು ಆಲ್ಫಾ ಬರುತ್ತದೆ, ಆಮೇಲೆ ಬೀಟಾ, ಕೊನೆಗೆ ಸಲ್ಫೇಟ್. ಮೊದಲ ಶಿಖರ ಎತ್ತರವಿದ್ದರೆ ಮೊನ್ನೆ ಮೊನ್ನೆ ಹೊಡೆದದ್ದು. ಮೂರನೆಯದೇ ಎತ್ತರವಿದ್ದರೆ ಹಳೆಯದು. ಈ ಶಿಖರಗಳನ್ನು ಕಾಣಿಸುವುದು ಎಲೆಕ್ಟ್ರಾನ್ ಕ್ಯಾಪ್ಚರ್ ಡಿಟೆಕ್ಟರ್. 1957ರಲ್ಲಿ ಜೇಮ್ಸ್ ಲವ್‌ಲಾಕ್ ಮಾಡಿದ್ದು. ಅದಕ್ಕೆ ಕ್ಲೋರಿನ್ ಎಂದರೆ ಪ್ರಾಣ, ಎಂಡೋಸಲ್ಫಾನಿನಲ್ಲಿ ಆರು ಕ್ಲೋರಿನ್ ಪರಮಾಣುಗಳಿವೆ.

ಇನ್ನೊಂದು ವಿಷಯ. ಈ ಅಣು ಕ್ಷಾರದ ನೀರಿನಲ್ಲಿ ಬೇಗ ಒಡೆಯುತ್ತದೆ, ಹುಳಿ ನೀರಿನಲ್ಲಿ ನಿಧಾನ. ಪಡ್ರೆಯ ಮುರಕಲ್ಲು ಮಣ್ಣು ಹುಳಿ. ಸಾಲದ್ದಕ್ಕೆ ಅದು ನೀರಿನಲ್ಲಿ ತೇಲಾಡುವುದಕ್ಕಿಂತ ಕೊಳೆತ ಎಲೆಗೆ, ಕೆಸರಿಗೆ ಅಂಟಿಕೊಂಡು ಕೂರುತ್ತದೆ. ನೀರು ತಿಳಿಯಾಗಿದೆ ಎಂದು ನೀರನ್ನಷ್ಟೇ ತುಂಬಿಕೊಂಡು ಹೋದವನು ಅರ್ಧ ಕೆಲಸ ಮಾಡಿದವನು. ನಾನು ಆವತ್ತು ಕೆಸರು ತೆಗೆದುಕೊಂಡಿರಲೇ ಇಲ್ಲ!

ಸರಿಯಾಗಿ ಕೆಲಸ ಮಾಡಿದವರು ಬೇರೆ ಇದ್ದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಸಿಂಪಡಣೆ ನಿಂತು ಹತ್ತು ತಿಂಗಳ ಮೇಲೆ ಬಂದು ಇಲ್ಲಿನ ಹುಡುಗರ ರಕ್ತ ನೋಡಿದರು. 2003ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 10ರಿಂದ 19 ವಯಸ್ಸಿನ 117 ಹುಡುಗರಿದ್ದರು. ಸೀರಂನಲ್ಲಿ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿಯಲ್ಲಿ, ಎಂಡೋಸಲ್ಫಾನ್ ಸರಾಸರಿ 7.47 ಪಿಪಿಬಿ. ಸಿಂಪಡಣೆ ಇಲ್ಲದ ಊರಿನ 90 ಹುಡುಗರಲ್ಲಿ 1.37. ಪಿಪಿಬಿ ಅಂದರೆ ನೂರು ಕೋಟಿಯಲ್ಲಿ ಒಂದು. ನೂರು ಕೋಟಿ ಸೆಕೆಂಡು ಅಂದರೆ ಸುಮಾರು 32 ವರ್ಷ, ನನ್ನ ಇಡೀ ನೌಕರಿ. ಅದರಲ್ಲಿ ಏಳೂವರೆ ಸೆಕೆಂಡು. ಇಷ್ಟು ಸಣ್ಣದನ್ನು ಹಿಡಿಯುವುದೇ ನನ್ನ ಕಸುಬು. ಆದರೆ ಅಷ್ಟು ಸಣ್ಣದು ಒಂದು ಮಗುವಿಗೆ ಏನು ಮಾಡಿತು ಎಂಬುದನ್ನು ನನ್ನ ಯಂತ್ರ ಹೇಳುವುದಿಲ್ಲ. ಅದರ ಮೇಲೆ ಇವತ್ತಿಗೂ ವಾದ ನಡೆಯುತ್ತಿದೆ.

ಆಮೇಲಿನದ್ದು ಪೇಪರಿನಲ್ಲಿ ಬಂದದ್ದೇ. 2011ರ ಏಪ್ರಿಲಿನಲ್ಲಿ ಎಂಡೋಸಲ್ಫಾನ್, ಬೇಗ ಅಳಿಯದ ವಿಷಗಳನ್ನು ಜಗತ್ತಿನಲ್ಲೆಲ್ಲ ತಡೆಯುವ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿತು, ಮೇ 13ಕ್ಕೆ ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ತಡೆಯಿತು. ನಮ್ಮ ಕಡೆ, ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆಯಲ್ಲೂ ಇದೇ ಕಥೆ, ಇದೇ ಗೇರು ಗುಡ್ಡ. ಗಡಿಯ ಆಚೆಗೆ ಸುದ್ದಿ ಜಾಸ್ತಿ ಆಯಿತು, ಈಚೆಗೆ ಕಡಿಮೆ.

ಆ ಮನೆ ಸಿಕ್ಕಿತು. ಯಜಮಾನರು ಇಲ್ಲ, ತೀರಿಹೋಗಿ ಎಂಟು ವರ್ಷವಂತೆ. ಸೊಸೆ ಚಾವಡಿಯಲ್ಲಿ ಕೂರಿಸಿದರು. "ಬಾಯಾರಿಕೆಗೆ ಎಂತ ಬೇಕು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಬೆಲ್ಲ, ನೀರು ತಂದಿಟ್ಟರು. 2002ರಲ್ಲೂ ಹೀಗೇ ಇಟ್ಟಿದ್ದರು. ಆಗ ನಾನು ಬೆಲ್ಲ ಬಾಯಿಗೆ ಹಾಕಿಕೊಂಡು ನೀರನ್ನು ತುಟಿಗೆ ಮುಟ್ಟಿಸಿ ಕೆಳಗಿಟ್ಟಿದ್ದೆ. ಅವರು ದಿನಾ ಕುಡಿಯುವ ನೀರು! ಅದನ್ನು ಯಜಮಾನರು ಗಮನಿಸಿದ್ದರು ಎಂದು ನನಗೆ ಗೊತ್ತು. ಈ ಸಲ ಪೂರ್ತಿ ಕುಡಿದೆ. ಅದರಲ್ಲಿ ದೊಡ್ಡ ಧೈರ್ಯ ಏನಿಲ್ಲ, ಇಷ್ಟು ಮಳೆಗಾಲ ಹೋಗಿದೆ.

ಬಾಟಲಿ ಒಡೆದ ಕಥೆ ಹೇಳಿದೆ. ಅವರು ನಕ್ಕರು. "ನಿಮ್ಮ ನಂತರ ಎಷ್ಟೋ ಜನ ಬಂದು ತಗೊಂಡು ಹೋಗಿದ್ದಾರೆ. ಕೆಲವರು ಕಾಗದ ಕಳಿಸಿದ್ರು. ಅದರಲ್ಲಿ ಬಿಡಿಎಲ್ ಅಂತ ಇತ್ತು. ಎಂತ ಹಾಗಂದ್ರೆ?"

ಬಿಲೋ ಡಿಟೆಕ್ಷನ್ ಲಿಮಿಟ್. ನನ್ನ ಕೈಯಾರೆ ಆ ಮೂರು ಅಕ್ಷರ ಎಷ್ಟು ಸಾವಿರ ಸಲ ಬರೆದಿದ್ದೇನೋ. ಓದುವವರು 'ಇಲ್ಲ' ಎಂದು ಓದುತ್ತಾರೆ. ಬರೆಯುವ ನಮಗೆ ಅದರ ಅರ್ಥ ಬೇರೆ. ಈ ಬಾಟಲಿಯಲ್ಲಿ, ಈ ದಿನ, ನಮ್ಮ ಯಂತ್ರದ ಕಣ್ಣಿಗೆ ಬೀಳುವಷ್ಟು ಇಲ್ಲ, ಅಷ್ಟೆ. ನಿನ್ನೆ ಇತ್ತೋ, 1985ರಲ್ಲಿ ಎಷ್ಟಿತ್ತೋ, ಕೆಸರಿನಲ್ಲಿ ಇದೆಯೋ, ಅದಕ್ಕೆ ಆ ಕಾಗದ ಉತ್ತರವಲ್ಲ. ಅವರಿಗೆ ಇಷ್ಟನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಸೊನ್ನೆ ಅಂತ ಅಲ್ಲ ಅಲ್ವಾ" ಎಂದರು. ಅಲ್ಲ ಎಂದೆ. ಈಗ ನಿಮ್ಮ ನೀರಿನ ಬಗ್ಗೆ ನನಗೆ ಹೆದರಿಕೆ ಇಲ್ಲ ಎಂದೂ ಹೇಳಿದೆ.

ಹೊರಡುವಾಗ ಅವರ ಮಗ ಸುರಂಗಕ್ಕೆ ಹೋಗಿ ಬಂದ. ಕೈಯಲ್ಲಿ ಹಳೆಯ ಜ್ಯೂಸ್ ಬಾಟಲಿ, ತುಂಬ ನೀರು, ತಳದಲ್ಲಿ ಎರಡು ಬೆರಳು ಕೆಸರು. ಪ್ಲಾಸ್ಟಿಕ್ ಬಾಟಲಿಯ ಸ್ಯಾಂಪಲ್ ತಂದವರನ್ನು ನಾನು ಲ್ಯಾಬಿನಿಂದ ಎಷ್ಟು ಸಲ ಬೈದು ಕಳಿಸಿದ್ದೇನೋ. ಸುಮ್ನೆ ತೆಗೆದುಕೊಂಡೆ.

ವಾಪಸು ಬಸ್ಸಿನಲ್ಲಿ ಬಾಟಲಿ ಮಡಿಲಲ್ಲೇ ಇತ್ತು. ಕಂಡಕ್ಟರಿನ ಹತ್ತಿರ ಪೆನ್ನು ಇಸಿದುಕೊಂಡು ಟಿಕೆಟ್ಟಿನ ಹಿಂದೆ ಬರೆದು ಅದಕ್ಕೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದೆ: ಪಡ್ರೆ, ಸುರಂಗದ ಬಾಯಿ, ನೀರು ಮತ್ತು ಕೆಸರು, ಬೆಳಗ್ಗೆ 11.20.